ಒಂಬತ್ತು ತುತ್ತಿನ ಹೊತ್ತು

ಹೋದ ತಿಂಗಳು ಮಗಳು ಒಂದು ಬಾಟಲಿ ಎಳ್ಳೆಣ್ಣೆ ತಂದಳು. ನಮ್ಮ ಕಡೆಯ ಗಾಣದ ಎಳ್ಳೆಣ್ಣೆಯಲ್ಲ. ಎಳ್ಳನ್ನು ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದು ಹಿಂಡುವ ಕೊರಿಯಾದವರ ಎಣ್ಣೆ. ಯಾವುದೋ ನೂಡಲ್ಸ್ ಮಾಡಬೇಕೆಂದು ಅಡುಗೆಮನೆಯಲ್ಲಿ ಅದರ ಮುಚ್ಚಳ ತೆಗೆದಳು. ಮೆಲ್ಬರ್ನ್ ಹೊರವಲಯದ ಕ್ರಾನ್‌ಬರ್ನ್‌ನ ನಮ್ಮ ಮನೆಯ ಹಾಲ್‌ನಲ್ಲಿ ನಾನು ಕಿಟಕಿಯ ಬಿಸಿಲಿಗೆ ಕಾಲು ಚಾಚಿ ಕೂತಿದ್ದೆ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಬೆನ್ನ ಹಿಂದೆ ಯಾರೋ ಬಂದು ನಿಂತರು ಅನ್ನಿಸಿತು. ನಾನು ತಿರುಗಿ ನೋಡಲಿ ಎಂದು ಉಸಿರು ಬಿಡದೆ ಕಾಯುತ್ತಾ ನಿಂತ ಹಾಗೆ... ನಾನು ತಿರುಗಲಿಲ್ಲ.

"ಅಪ್ಪಾ, ಆರ್ ಯು ಓಕೆ? ಮುಖ ಎಲ್ಲ ವೈಟ್ ಆಗಿದೆ," ಎಂದಳು ಮಗಳು.

"ಏನಿಲ್ಲ ಕಣಮ್ಮ, ಎಣ್ಣೆ ಘಾಟು," ಎಂದೆ.

ಸುಳ್ಳು. ಈ ಒಂದು ವಿಷಯದಲ್ಲಿ ನಾನು ಎಷ್ಟು ಸುಳ್ಳು ಹೇಳಿದ್ದೇನೋ ನನಗೇ ಗೊತ್ತಿಲ್ಲ. ಈಗ ಎಪ್ಪತ್ತು ದಾಟಿದೆ. ನಾನು ಹೆಚ್ಚು ಓದಿದವನಲ್ಲ, ಕೊಳ್ಳೇಗಾಲದ ಹೈಸ್ಕೂಲಿಗೇ ನನ್ನ ಓದು ಮುಗಿಯಿತು. ಆದರೂ ಇದನ್ನು ನಡೆದ ಹಾಗೆ ಬರೆದುಬಿಡುತ್ತೇನೆ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಆಗ ನಾವು ಸಿಡ್ನಿಯಲ್ಲಿದ್ದೆವು. ನನ್ನ ಹೆಂಡತಿ ನರ್ಸ್. ಅವಳಿಗೆ ಕೆಲಸ ಸಿಕ್ಕಿದ್ದರಿಂದ ನಾನೂ ಅವಳ ಹಿಂದೆ ಬಂದವನು. ಊರಿನಲ್ಲಿ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದ ನನಗೆ ಇಲ್ಲಿ ಸಿಕ್ಕಿದ್ದು ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ, ಪಾತ್ರೆ ತೊಳೆಯುವ ಕೆಲಸ. ಈಸ್ಟ್‌ವುಡ್ ಎಂಬ ಸಬರ್ಬ್‌ನಲ್ಲಿ ಒಬ್ಬ ಮುದುಕಿಯ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಮಗಳು ಆಗಿನ್ನೂ ತೊದಲು ಮಾತಾಡುತ್ತಿದ್ದಳು.

ಆ ಮುದುಕಿಯನ್ನು ಮೊದಮೊದಲು ಆಂಟಿ ಎನ್ನುತ್ತಿದ್ದೆವು. ಮಗಳು ಅಜ್ಜಿ ಎಂದು ಕರೆಯತೊಡಗಿದ ಮೇಲೆ ನಮಗೂ ಅವರು ಅಜ್ಜಿಯೇ ಆದರು. ಕುಳ್ಳಗಿನ, ಬೆನ್ನು ಬಾಗದ ಹೆಂಗಸು. ಜನವರಿಯ ಬೇಸಿಗೆಯಲ್ಲೂ ಕೈಯಿಲ್ಲದ ಉಣ್ಣೆಯ ಅಂಗಿ ತೊಡುತ್ತಿದ್ದರು. ಅವರ ಕೈ, ಸೆರಗಿನಂತೆ ಕಟ್ಟಿಕೊಳ್ಳುತ್ತಿದ್ದ ಏಪ್ರನ್, ಬಾಗಿಲ ಹಿಡಿ, ಎಲ್ಲದಕ್ಕೂ ಹುರಿದ ಎಳ್ಳಿನ ವಾಸನೆ. ನಾವು ಮಗುವನ್ನು ಪಾಪು ಎನ್ನುತ್ತಿದ್ದುದನ್ನು ಕೇಳಿ ಅದೇ ಹೆಸರೆಂದುಕೊಂಡು ನನ್ನನ್ನು "ಪಾಪು ಅಪ್ಪ" ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲೂ ಅಪ್ಪನಿಗೆ ಅಪ್ಪ ಎಂದೇ ಹೇಳುತ್ತಾರೆ ಎಂದು ಗೊತ್ತಾದ ದಿನ ನಾವಿಬ್ಬರೂ ಮಕ್ಕಳ ಹಾಗೆ ನಕ್ಕಿದ್ದೆವು. ಅವರ ಇಂಗ್ಲಿಷೂ ಕುಂಟು, ನನ್ನದೂ ಕುಂಟು. ಅದಕ್ಕೇ ಇರಬೇಕು, ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಈಸ್ಟ್‌ವುಡ್‌ನಲ್ಲಿ ರೈಲು ಹಳಿಯ ಒಂದು ಪಕ್ಕ ಚೀನಾದವರ ಅಂಗಡಿಗಳು, ಇನ್ನೊಂದು ಪಕ್ಕ ಕೊರಿಯಾದವರ ಅಂಗಡಿಗಳು. ನಡುವೆ ಹಳಿಯ ಕೆಳಗೆ ಒಂದು ಸುರಂಗದಾರಿ. ಅಜ್ಜಿ ಹುಟ್ಟಿದ್ದು ಚೀನಾದಲ್ಲಿ, ಕೊರಿಯಾದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಯಲ್ಲಿ. ಮನೆಮಾತು ಕೊರಿಯನ್, ಪಾಸ್‌ಪೋರ್ಟು ಚೀನಾದ್ದು, ಮದುವೆಯಾದದ್ದು ಚೀನೀ ಗಂಡಸನ್ನು. ಗಂಡ ತೀರಿಕೊಂಡಿದ್ದರು, ಒಬ್ಬನೇ ಮಗ ಮೆಲ್ಬರ್ನ್‌ನಲ್ಲಿದ್ದ. ನಾನು ಸಾಮಾನು ಹೊತ್ತುಕೊಂಡು ಅವರ ಜೊತೆ ಹೋದಾಗ ಒಂದು ಪಕ್ಕದ ಗಿಡಮೂಲಿಕೆ ಅಂಗಡಿಯ ಚೀನೀ ಯಜಮಾನ, "ಕೊರಿಯಾದ ಅಜ್ಜಿ ಬಂದಳು, ಚೌಕಾಸಿ ಶುರು," ಎಂದು ನಗುತ್ತಿದ್ದ. ಇನ್ನೊಂದು ಪಕ್ಕದ ಅಂಗಡಿಯ ಕೊರಿಯಾದ ಹೆಂಗಸು ನನ್ನ ಕಿವಿಯ ಹತ್ತಿರ ಬಗ್ಗಿ, "ಅವರು ನಮ್ಮವರಲ್ಲ, ಚೈನಾದವರು. ಮಾತು ಕೇಳಿದರೆ ಗೊತ್ತಾಗಲ್ವಾ? ನಮ್ಮ ಅಜ್ಜಿಯ ಅಜ್ಜಿ ಕಾಲದ ಮಾತು," ಎನ್ನುತ್ತಿದ್ದಳು.

ಅಜ್ಜಿ ಎರಡನ್ನೂ ಕೇಳಿಸಿಕೊಂಡು ಸುಮ್ಮನೆ ನಡೆಯುತ್ತಿದ್ದರು. ಒಂದು ಸಲ ಸುರಂಗದ ನಡುವೆ ನಿಂತರು. ಮೇಲೆ ರೈಲು ಹೋಗುತ್ತಿತ್ತು, ಗೋಡೆಗಳು ನಡುಗುತ್ತಿದ್ದವು. "ಆ ಕಡೆ ಹೋದರೆ ಕೊರಿಯಾದವಳು. ಈ ಕಡೆ ಬಂದರೆ ಚೀನಾದವಳು. ಇಲ್ಲಿ ಮಾತ್ರ ನಾನು ನಾನೇ, ಪಾಪು ಅಪ್ಪ," ಎಂದರು. ನನಗೆ ಅದು ಅರ್ಥವಾಗದ ಮಾತೇನಲ್ಲ. ನಮ್ಮ ಕೊಳ್ಳೇಗಾಲ ಹಿಂದೆ ಮದ್ರಾಸಿಗೆ ಸೇರಿದ್ದ ಊರು. ಮೈಸೂರಿಗೆ ಹೋದರೆ ತಮಿಳರ ಕಡೆಯವನು ಎಂದು ರೇಗಿಸುತ್ತಿದ್ದರು. ಕಾಡು ದಾಟಿ ಆ ಕಡೆ ಹೋದರೆ ಕನ್ನಡದವನು ಎಂದು ಬೇರೆ ಕೂರಿಸುತ್ತಿದ್ದರು.

ಚೀನಾ, ಕೊರಿಯಾ ಎಂದರೆ ನನಗೆ ಏನೂ ತಿಳಿಯದು. ಏನಾದರೂ ತಿಳಿದಿದ್ದರೆ ಅಜ್ಜಿ ಹೇಳಿದ್ದಷ್ಟೇ. ಅವರ ತಾತ ಬರಗಾಲದಲ್ಲಿ ಬಿತ್ತನೆಯ ಭತ್ತವನ್ನು ಸೊಂಟಕ್ಕೆ ಕಟ್ಟಿಕೊಂಡು ನದಿ ದಾಟಿ ಚೀನಾಕ್ಕೆ ಬಂದವನಂತೆ. ಜೋಳ ಬೆಳೆಯುತ್ತಿದ್ದ ಚಳಿಯ ನೆಲದಲ್ಲಿ ಗದ್ದೆ ಮಾಡಿದನಂತೆ. "ಚೀನಾದವರು ನಮಗೆ ಅಕ್ಷರ ಕೊಟ್ಟರು. ನಾವು ಅವರ ನೆಲಕ್ಕೆ ಭತ್ತ ತಂದೆವು. ಸಾವಿರಾರು ವರ್ಷದಿಂದ ಪಕ್ಕಪಕ್ಕದ ಮನೆ. ಜಗಳವೂ ಆಗಿದೆ, ಹೆಣ್ಣು ಕೊಟ್ಟು ತಂದದ್ದೂ ಆಗಿದೆ. ನಡುವಿನ ಗೋಡೆ ಯಾರದು ಅಂತ ಇಬ್ಬರಿಗೂ ಗೊತ್ತಿಲ್ಲ," ಎನ್ನುತ್ತಿದ್ದರು. ಅವರ ಅಡುಗೆಮನೆಯಲ್ಲಿ ಗಂಡನ ಕಡೆಯ ಹಿರಿಯರಿಗೆ ಒಂದು ತಟ್ಟೆ, ತವರಿನ ಹಿರಿಯರಿಗೆ ಇನ್ನೊಂದು ತಟ್ಟೆ ಎಂದು ಹಬ್ಬಗಳಲ್ಲಿ ಬೇರೆಬೇರೆ ತಿಂಡಿ ಬೇಯುತ್ತಿತ್ತು. ಸತ್ತವರ ಹೆಸರು ಬರೆಯುವಾಗ ಮಾತ್ರ ಎರಡೂ ಕಡೆಗೆ ಅದೇ ಚೀನೀ ಅಕ್ಷರ. ಸತ್ತವರು ಅದನ್ನು ಬಿಟ್ಟು ಬೇರೆ ಓದುವುದಿಲ್ಲ ಎಂದು ಅವರ ನಂಬಿಕೆ.

ತವರಿನ ತಟ್ಟೆಯ ಪಕ್ಕದಲ್ಲಿ ಒಂದು ಖಾಲಿ ಜಾಗ ಇರುತ್ತಿತ್ತು. ಅಲ್ಲಿ ಏನನ್ನೂ ಇಡುತ್ತಿರಲಿಲ್ಲ, ಯಾರೂ ಅಲ್ಲಿ ಕೈ ಊರುವಂತಿರಲಿಲ್ಲ. ಒಮ್ಮೆ ನಾನು ತಿಳಿಯದೆ ಲೋಟ ಇಟ್ಟಾಗ ಅವರು ಅದನ್ನು ಬಿಸಿ ತಾಗಿದವರ ಹಾಗೆ ಥಟ್ಟನೆ ಎತ್ತಿದರು. ಅದು ಅಣ್ಣನ ಜಾಗ.

ಅಜ್ಜಿ ಚಿಕ್ಕವರಿದ್ದಾಗ ಹೆಪ್ಪುಗಟ್ಟಿದ ನದಿಯ ಮೇಲೆ ಆಡುತ್ತಾ ಮಂಜುಗಡ್ಡೆ ಒಡೆದು ಕೆಳಗೆ ಬಿದ್ದಿದ್ದರಂತೆ. ಅಣ್ಣ ಹೊಟ್ಟೆಯ ಮೇಲೆ ತೆವಳಿಕೊಂಡು ಬಂದು ಜಡೆ ಹಿಡಿದು ಎಳೆದು ಹಾಕಿದನಂತೆ. ಮುಂದೆ ಯುದ್ಧ ಬಂತು. ಆ ಸಲ ಚೀನಾದಿಂದ ಹುಡುಗರು ಸಾಲುಸಾಲಾಗಿ ನದಿ ದಾಟಿ ಕೊರಿಯಾಕ್ಕೆ ಹೋದರು. ಅಣ್ಣನೂ ಹೋದ. ತಾತ ದಾಟಿ ಬಂದ ನದಿಯನ್ನೇ ಮೊಮ್ಮಗ ತಿರುಗಿ ದಾಟಿದ. ಆಮೇಲೆ ಸುದ್ದಿಯೇ ಇಲ್ಲ. ಸತ್ತನೆಂದು ಯಾರೂ ಹೇಳಲಿಲ್ಲ, ಇದ್ದಾನೆಂದೂ ಹೇಳಲಿಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ಅವನ ಆಯಸ್ಸು ತಿಂದ ಹಾಗೆ; ಸತ್ತವನಿಗೆ ಇಡದಿದ್ದರೆ ಅವನು ಹಸಿದು ಅಲೆಯುತ್ತಾನೆ. ಅರ್ಧ ಶತಮಾನ ಅಜ್ಜಿ ಈ ಎರಡರ ನಡುವೆ ಆ ಖಾಲಿ ಜಾಗವನ್ನು ಕಾದುಕೊಂಡಿದ್ದರು. ಕೆಲವು ಸಂಜೆ ಅಡುಗೆಮನೆಯಲ್ಲಿ ಅವರೊಬ್ಬರೇ ಮಾತಾಡುವುದು ಕೇಳಿಸುತ್ತಿತ್ತು. ಮಾತಾಡಿ ನಿಲ್ಲಿಸುವರು... ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಸುಮ್ಮನಿರುವರು... ಮತ್ತೆ ಮಾತಾಡುವರು. ಮಗಳು ಆ ಹೊತ್ತಿನಲ್ಲಿ ಆ ಕಡೆ ಹೋಗುತ್ತಿರಲಿಲ್ಲ. "ಅಲ್ಲಿ ಮಾಮ ಇದೆ," ಎನ್ನುತ್ತಿದ್ದಳು. ಮಕ್ಕಳು ಏನೋ ಹೇಳುತ್ತವೆ ಎಂದು ನಾವು ಬಿಟ್ಟೆವು.

ಹಾಗಿರುವಾಗ ಒಂದು ಆಗಸ್ಟ್‌ನಲ್ಲಿ ಅವರ ಹಳ್ಳಿಯಿಂದ ತಂಗಿಯ ಮಗನ ಫೋನ್ ಬಂತು. ಗಡಿಯ ಆಚೆಗೆ ಹೋಗಿ ವ್ಯಾಪಾರ ಮಾಡುವ ಒಬ್ಬನು, ನದಿಯ ಆ ದಡದ ಊರಿನಲ್ಲಿ ಒಬ್ಬ ಕುಂಟು ಮುದುಕನನ್ನು ನೋಡಿದನಂತೆ. ಆ ಮುದುಕ ಅಜ್ಜಿಯ ಹಳ್ಳಿಯ ಹೆಸರು ಹೇಳಿದನಂತೆ. ಖಚಿತ ಮಾಡಿಕೊಳ್ಳಬೇಕಾದರೆ ಅಜ್ಜಿಯೇ ಬರಬೇಕು, ಅವರಿಗೆ ಮಾತ್ರ ಗೊತ್ತಿರುವುದನ್ನು ಕೇಳಬೇಕು, ಮುದುಕನ ಆರೋಗ್ಯ ಚೆನ್ನಾಗಿಲ್ಲ, ತಡ ಮಾಡಬೇಡಿ ಎಂದನಂತೆ. ಇಂಥ ಸುದ್ದಿ ಹಿಂದೆಯೂ ಬಂದು ಸುಳ್ಳಾಗಿತ್ತು. ಅಜ್ಜಿಗೆ ಎಪ್ಪತ್ತೈದರ ಮೇಲಾಗಿತ್ತು, ಎದೆನೋವೂ ಇತ್ತು. ಹೋದರೆ ಪರವಾನಗಿಗೆಲ್ಲ ಕಾದು ತಿಂಗಳುಗಟ್ಟಲೆ ಅಲ್ಲೇ ಇರಬೇಕಾಗುತ್ತಿತ್ತು. ಮೆಲ್ಬರ್ನ್‌ನ ಮಗ ಹೋಗಬೇಡ ಎಂದ.

ಇಲ್ಲಿ ನನ್ನ ಮಾತು ಹೇಳಬೇಕು. ನಮ್ಮ ಮಗಳನ್ನು ನೋಡಿಕೊಳ್ಳುತ್ತಿದ್ದುದು ಅಜ್ಜಿಯೇ. ಹೆಂಡತಿಗೆ ಶಿಫ್ಟ್ ಡ್ಯೂಟಿ, ನನಗೆ ಬೆಳಗಾಗುವ ಮೊದಲೇ ಕೆಲಸ. ಚೈಲ್ಡ್‌ಕೇರ್‌ಗೆ ಬಿಟ್ಟರೆ ಮಗಳು ಮುಖ ಕೆಂಪಾಗುವವರೆಗೆ ಅತ್ತು ವಾಂತಿ ಮಾಡಿಕೊಳ್ಳುತ್ತಿದ್ದಳು. ಅಜ್ಜಿಯ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಸಿಕೊಂಡರೆ ಮಾತ್ರ ನಿದ್ದೆ. ಇಲ್ಲೇ ನೆಲೆಸಲು ಬೇಕಾದ ಪಿಆರ್ ಇನ್ನೂ ಕೈಗೆ ಬಂದಿರಲಿಲ್ಲ; ಹೆಂಡತಿಯ ಕೆಲಸ ತಪ್ಪಿದರೆ ಎಲ್ಲ ತಪ್ಪಿದ ಹಾಗೆ.

"ಅಜ್ಜಿ ಹೋದ್ರೆ ನಮ್ ಕಥೆ ಏನ್ರೀ?" ಎಂದಳು ಹೆಂಡತಿ.

"ಅವರಣ್ಣ ಕಣೇ. ಹೋಗ್ಬೇಡಿ ಅನ್ನಕ್ಕಾಗತ್ತಾ?"

"ಅನ್ನಿ ಅಂದ್ನಾ ನಾನು? ಆ ವಯಸ್ಸಲ್ಲಿ ಅಷ್ಟು ದೂರ ಹೋಗಿ ಹೆಚ್ಚುಕಮ್ಮಿ ಆದ್ರೆ ಅಂತ ಅಷ್ಟೇ." ಆಮೇಲೆ ಮಗುವಿನ ಬಟ್ಟೆ ಮಡಿಸುತ್ತಾ, "ಅವರಣ್ಣ ಇಷ್ಟು ವರ್ಷ ಬದುಕಿರ್ತಾರಾ, ಸುಮ್ನೆ?" ಎಂದಳು. ಇಲ್ಲದಿದ್ದರೇ ಒಳ್ಳೆಯದು ಎಂದು ನನ್ನ ಮನಸ್ಸಿನಲ್ಲೂ ಹೊಳೆದು ಹೋಗಿತ್ತು.

ಹದಿನೈದು ದಿನ ಒದ್ದಾಡಿ ಅಜ್ಜಿ ಒಂದು ತೀರ್ಮಾನಕ್ಕೆ ಬಂದರು. ಸತ್ತ ದಿನ ಗೊತ್ತಿಲ್ಲದವರಿಗೆ, ದೂರದಲ್ಲಿ ದಿಕ್ಕಿಲ್ಲದೆ ಸತ್ತವರಿಗೆ ಅವರಲ್ಲಿ ಒಂದು ದಿನ ಇದೆ. ಅವರ ಪಂಚಾಂಗದ ಒಂಬತ್ತನೇ ತಿಂಗಳ ಒಂಬತ್ತನೇ ದಿನ. ಅವತ್ತು ಅಣ್ಣನಿಗೆ ಎಡೆ ಇಡುವುದು. ಸತ್ತಿದ್ದರೆ ಬಂದು ಉಣ್ಣುತ್ತಾನೆ, ಅನ್ನ ಕದಲಿಸಿ ಗುರುತು ಬಿಡುತ್ತಾನೆ. ಎಡೆ ಹಾಗೇ ಉಳಿದರೆ ಬದುಕಿದ್ದಾನೆ ಎಂದು ಅರ್ಥ; ಮಾರನೆಯ ದಿನವೇ ಟಿಕೆಟ್ ಬುಕ್ ಮಾಡುವುದು.

"ನಮ್ಮಲ್ಲೂ ಹಾಗೇ. ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ," ಎಂದೆ ನಾನು. ಸುಮ್ಮನಿರಬೇಕಿತ್ತು. ಊರಿನ ನಮ್ಮ ಮನೆಯಲ್ಲಿ ಹಿರಿಯರ ಹಬ್ಬಕ್ಕೆ ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂರುತ್ತಿದ್ದುದನ್ನೂ, ಒಳಗೆ ಹೋಗುವ ಮೊದಲು ಅಪ್ಪ ಕೆಮ್ಮುತ್ತಿದ್ದುದನ್ನೂ ಉತ್ಸಾಹದಿಂದ ಹೇಳಿದೆ. ಅಜ್ಜಿ ಹಿಡಿದಿದ್ದ ಲೋಟವನ್ನು ಮೆಲ್ಲನೆ ಕೆಳಗಿಟ್ಟರು.

"ಕೆಮ್ಮುತ್ತೀರಾ? ನೀವೂನಾ?"

ಅವರಲ್ಲೂ ಅದೇ. ಅನ್ನದ ಬಟ್ಟಲಿನಲ್ಲಿ ಚಮಚ ನೆಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಒಬ್ಬ ಮನುಷ್ಯ ನಿಧಾನವಾಗಿ ಒಂಬತ್ತು ತುತ್ತು ಉಣ್ಣುವಷ್ಟು ಹೊತ್ತು ಕಾಯಬೇಕು. ಆಮೇಲೆ ಗಂಡಸು ಮೂರು ಸಲ ಕೆಮ್ಮಿ ಬಾಗಿಲು ತೆಗೆಯಬೇಕು. ಉಣ್ಣುತ್ತಿದ್ದವರಿಗೆ ಎದ್ದು ಹೋಗಲು ಸಮಯ ಕೊಟ್ಟಂತೆ. ಅವರ ಮಗನಿಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ. "ನಿನಗೆ ಗೊತ್ತು. ನೀನೇ ಕೆಮ್ಮು, ಪಾಪು ಅಪ್ಪ. ಆದರೆ ಒಂದು ಮಾತು. ಮಧ್ಯದಲ್ಲಿ ಬಾಗಿಲು ತೆಗೆದರೆ ಎಲ್ಲ ಕೆಟ್ಟಿತು. ಒಳಗೆ ಏನೇ ಕಂಡರೂ ಅದು ಲೆಕ್ಕಕ್ಕಿಲ್ಲ. ಆಗಲೂ ನಾನು ಹೋಗಿ ಕಣ್ಣಾರೆ ನೋಡಲೇಬೇಕು," ಎಂದರು.

ಆ ದಿನ ಬಂತು. ಅವರ ನಾಡಿನಲ್ಲಿ ಅದು ಸೇವಂತಿಗೆ ಅರಳುವ, ಎಲೆ ಉದುರುವ ಕಾಲ. ಇಲ್ಲಿ ಅಕ್ಟೋಬರ್ ಎಂದರೆ ವಸಂತ. ಬೀದಿಯ ಜಕರಾಂಡಾ ಮರಗಳಲ್ಲಿ ನೇರಳೆ ಹೂವು ಬಿಡುತ್ತಿತ್ತು. "ಋತುವೇ ತಿರುಗುಮುರುಗು. ಅಣ್ಣ ದಾರಿ ತಪ್ಪಿದರೆ?" ಎಂದು ಅಜ್ಜಿಗೆ ಅದೊಂದೇ ಚಿಂತೆ. ಅಕ್ಷರ ತಪ್ಪಬಾರದೆಂದು ಅಣ್ಣನ ಹೆಸರನ್ನು ಗಿಡಮೂಲಿಕೆ ಅಂಗಡಿಯ ಯಜಮಾನನಿಂದ ಬರೆಸಿ ತಂದಿದ್ದರು. ಕೌಂಟರಿನ ಹಿಂದೆ ಅವನು ಅವತ್ತು ಚೌಕಾಸಿಯ ತಮಾಷೆ ಮಾಡಲಿಲ್ಲ. ಎದ್ದು ನಿಂತು, ಉಸಿರು ಹಿಡಿದು ಬರೆದು, ಎರಡೂ ಕೈಯಲ್ಲಿ ಕೊಟ್ಟ.

ಮಟಮಟ ಮಧ್ಯಾಹ್ನ. ಹೆಂಡತಿ ಡ್ಯೂಟಿಗೆ ಹೋಗಿದ್ದಳು, ಮಗಳು ನಮ್ಮ ಕೋಣೆಯಲ್ಲಿ ಮಲಗಿದ್ದಳು. ಮುಂದಿನ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಮೇಜಿನ ಮೇಲೆ ಮೀನು, ಸೊಪ್ಪಿನ ಪಲ್ಯಗಳು, ಹಣ್ಣು, ಅಕ್ಕಿಯ ಹೆಂಡ ಜೋಡಿಸಿದ್ದರು. ಹಿತ್ತಾಳೆಯ ಬಟ್ಟಲಲ್ಲಿ ಗುಡ್ಡೆಯಾಗಿ ಬಿಸಿ ಅನ್ನ. ಎರಡು ಮೇಣದಬತ್ತಿ. ಅಜ್ಜಿ ಹಿತ್ತಾಳೆಯ ಚಮಚವನ್ನು ಅನ್ನದ ನಡುವೆ ನೆಟ್ಟರು. ಬಾಗಿಲು ಮುಚ್ಚಿ ನನ್ನನ್ನು ಅಲ್ಲಿ ನಿಲ್ಲಿಸಿ, ಅಣ್ಣನಿಗೆ ಗುರುತಿನ ಮುಖವೊಂದು ಕಾಣಲಿ ಎಂದು ತಾವು ಹೋಗಿ ಬೀದಿಯ ಗೇಟು ತೆರೆದು ಹಿಡಿದುಕೊಂಡು ನಿಂತರು.

ನಾನು ಮನಸ್ಸಿನಲ್ಲೇ ತುತ್ತು ಎಣಿಸತೊಡಗಿದೆ. ಪಕ್ಕದ ಮನೆಯ ನಾಯಿ ದಿನವಿಡೀ ಬೊಗಳುವಂಥದ್ದು, ಅದು ಸುಮ್ಮನಾಯಿತು. ರೈಲು ಬಂದ ಸದ್ದೂ ಇಲ್ಲ. ಕಾಲ ಕೆಳಗೆ ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಬಂದು ಪಾದಕ್ಕೆ ತಾಗಿತು. ಕಿಟಕಿಗಳೆಲ್ಲ ಮುಚ್ಚಿದ್ದ ಕೋಣೆಯಿಂದ... ನಾಲ್ಕನೆಯದೋ ಐದನೆಯದೋ ತುತ್ತಿಗೆ ಒಳಗೆ ಠಣ್ ಎಂದಿತು. ಹಿತ್ತಾಳೆಗೆ ಹಿತ್ತಾಳೆ ತಾಗಿದ ಸದ್ದು. ಉಣ್ಣುವವರು ಚಮಚ ಕೆಳಗಿಟ್ಟರೆ ಬರುವಂಥದ್ದು.

ಮೇಣದಬತ್ತಿ ಬಿತ್ತೇನೋ, ಮಗು ಒಳಗೆ ಮಲಗಿದೆ, ಬೆಂಕಿ ಹತ್ತಿಕೊಂಡರೆ ಎಂದು ಬಾಗಿಲು ತೆಗೆದೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ನಿಜ ಹಾಗಿಲ್ಲ. ನನಗೆ ನೋಡಬೇಕೆನ್ನಿಸಿತು. ಕೆಮ್ಮದೆ, ಸದ್ದು ಮಾಡದೆ, ಕಳ್ಳನ ಹಾಗೆ ಹಿಡಿ ತಿರುಗಿಸಿದೆ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಮೇಣದಬತ್ತಿಗಳು ನೆಟ್ಟಗಿದ್ದವು, ಆದರೆ ಎರಡು ಜ್ವಾಲೆಗಳೂ ನನ್ನ ಕಡೆಗೆ ಬಾಗಿದ್ದವು. ಚಮಚ ಅನ್ನದಲ್ಲಿ ಇರಲಿಲ್ಲ. ಬಟ್ಟಲಿನ ಆಚೆ, ಅತಿಥಿ ಕೂರುವ ಕಡೆ, ಮೇಜಿನ ಮೇಲೆ ಅಂಗಾತ ಮಲಗಿತ್ತು. ಅನ್ನ ಮೆತ್ತಗಿದ್ದು ಭಾರಕ್ಕೆ ವಾಲಿ ಬಿದ್ದಿರಬಹುದು. ಆದರೆ ಅವರ ಅನ್ನ ಅಂಟಂಟಾಗಿರುತ್ತದೆ. ಆ ಚಮಚಕ್ಕೆ ಒಂದು ಅಗುಳೂ ಅಂಟಿರಲಿಲ್ಲ. ನಾನು ಓಡಿಬರಬೇಕಿತ್ತು. ಬದಲಿಗೆ, ಬಾಗಿಲು ತೆಗೆದದ್ದು ಗೊತ್ತಾಗಬಾರದು ಎಂಬ ಗಾಬರಿಯಲ್ಲಿ ಹೋಗಿ ಚಮಚ ಎತ್ತಿಕೊಂಡೆ. ಹಿಡಿಯ ತುದಿ ಬೆಚ್ಚಗಿತ್ತು. ಅನ್ನದ ಬಿಸಿ ಅಷ್ಟು ಮೇಲಕ್ಕೆ ಏರುತ್ತದೆಯೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಅದನ್ನು ಅನ್ನದಲ್ಲಿ ಚುಚ್ಚಿ, ಹೊರಗೆ ಬಂದು ಬಾಗಿಲೆಳೆದುಕೊಂಡೆ. ಅಜ್ಜಿ ಗೇಟಿನಿಂದ ಬಂದಾಗ ಮೂರು ಸಲ ಕೆಮ್ಮಿದೆ.

ಅವರು ಒಳಗೆ ಹೋಗಿ ಬಟ್ಟಲಿನ ಮೇಲೆ ಬಗ್ಗಿದರು. ಅವಸರದಲ್ಲಿ ನಾನು ಚಮಚವನ್ನು ಮೊದಲಿನ ಜಾಗದಲ್ಲಿ ಚುಚ್ಚಿರಲಿಲ್ಲ. ಅನ್ನದಲ್ಲಿ ಎರಡು ಗುಳಿ. ಒಂದು ಖಾಲಿ, ಒಂದರಲ್ಲಿ ಚಮಚ.

"ಬಂದಿದ್ದ," ಎಂದರು ಅಜ್ಜಿ. ನೆಲದ ಮೇಲೆ ಕುಸಿದು ಕೂತರು. "ಬಂದು ಉಂಡ. ಅಣ್ಣ ಇಲ್ಲ, ಪಾಪು ಅಪ್ಪ. ಅಣ್ಣ ಇಲ್ಲ." ಅರ್ಧ ಶತಮಾನದ ಅಳು ಅದು. ಅಳುತ್ತಲೇ, ಎಷ್ಟು ದೂರ ಬಂದಿದ್ದಾನೆ, ಸಮುದ್ರ ದಾಟಿದ್ದಾನೆ ಎಂದು ನಗುತ್ತಲೂ ಇದ್ದರು. ನಾನು ಪಕ್ಕದಲ್ಲಿ ನಿಂತಿದ್ದೆ. ಹೇಳಲು ಬಾಯಿ ತೆರೆದೆ ಕೂಡ. ಹೇಳಿದರೆ ಅವರು ಹೊರಡುತ್ತಾರೆ. ಹೇಳದಿದ್ದರೆ ಇಲ್ಲೇ ಇರುತ್ತಾರೆ... ಆಗ ಒಳಗಿಂದ ಮಗಳು ಎದ್ದು ಅಳತೊಡಗಿದಳು. ಅಜ್ಜಿ ಕಣ್ಣೊರೆಸಿಕೊಂಡು, "ಹೋಗು, ಕರೆದುಕೊಂಡು ಬಾ, ನನ್ನ ಬೆನ್ನಿಗೆ ಕಟ್ಟು," ಎಂದರು. ನಾನು ಹೋಗಿ ಕರೆತಂದು ಕಟ್ಟಿದೆ. ಅಷ್ಟೇ. ಅಲ್ಲಿಗೆ ಮುಗಿಯಿತು.

ಸಂಜೆ ಹೆಂಡತಿಗೆ, ಅಜ್ಜಿ ಹೋಗುವುದಿಲ್ಲವಂತೆ ಎಂದಷ್ಟೇ ಹೇಳಿದೆ. ಅವಳು ಮನೆದೇವರಿಗೆ ತುಪ್ಪದ ದೀಪ ಹಚ್ಚಿದಳು.

ಎರಡು ವರ್ಷವಾಗಿರಬೇಕು. ನಮಗೆ ಪಿಆರ್ ಬಂದಿತ್ತು, ಮಗಳು ಸ್ಕೂಲಿಗೆ ಸೇರಿದ್ದಳು. ಒಂದು ಭಾನುವಾರ ನಾನು ಅಜ್ಜಿಯ ಅಡುಗೆಮನೆಯ ನಲ್ಲಿ ರಿಪೇರಿ ಮಾಡುತ್ತಿದ್ದಾಗ ಫೋನ್ ಬಂತು. ಅಜ್ಜಿ ಬಹಳ ಹೊತ್ತು ಕೇಳಿದರು. ಫೋನ್ ಇಟ್ಟು ಮೇಜಿನಲ್ಲಿ ಅಣ್ಣನದೆಂದು ಬಿಟ್ಟಿದ್ದ ಜಾಗವನ್ನೇ ನೋಡುತ್ತಾ ಕೂತರು.

ನದಿಯ ಆ ದಡದ ಮುದುಕ ಹಿಂದಿನ ಚಳಿಗಾಲದಲ್ಲಷ್ಟೇ ಸತ್ತನಂತೆ. ಸಾಯುವ ಮುಂಚೆ ವ್ಯಾಪಾರಿಯ ಕೈಲಿ ಒಂದು ಮಾತು ಹೇಳಿ ಕಳಿಸಿದ್ದನಂತೆ. ಹೆಪ್ಪುಗಟ್ಟಿದ ನದಿಯಲ್ಲಿ ತಂಗಿಯನ್ನು ಜಡೆ ಹಿಡಿದು ಎಳೆದಾಗ ಅವಳ ಕೂದಲು ಕಿ‌ತ್ತು ಬಂದಿತ್ತು, ಅವಳು ಬದುಕಿದ್ದಕ್ಕೆ ಅಳದೆ ಕೂದಲಿಗೆ ಅತ್ತಿದ್ದಳು, ಈಗಲಾದರೂ ಕೋಪ ಬಿಟ್ಟಳಾ ಕೇಳು ಎಂದು. ಅದು ಅಣ್ಣ ತಂಗಿ ಇಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಿರದ ಮಾತು.

ಅಜ್ಜಿ ಇದನ್ನೆಲ್ಲ ನಿಧಾನವಾಗಿ ನನಗೆ ಹೇಳಿದರು. ಅಳಲಿಲ್ಲ. ಆಮೇಲೆ ನನ್ನ ಮುಖ ನೋಡಿ ಕೇಳಿದರು:

"ಹಾಗಾದರೆ, ಪಾಪು ಅಪ್ಪ, ಅವತ್ತು ಬಂದು ಉಂಡದ್ದು ಯಾರು?"

ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೇಳಲು ಅದಕ್ಕಿಂತ ತಕ್ಕ ಸಮಯ ಇರಲಿಲ್ಲ. ನನಗೆ ಆಗ ಯಾವ ಅಡ್ಡಿಯೂ ಇರಲಿಲ್ಲ, ಅವರಿಂದ ಆಗಬೇಕಾದ ಕೆಲಸವೂ ಮುಗಿದಿತ್ತು. ಆದರೆ ಆ ಮುಖಕ್ಕೆ ಎದುರಾಗಿ ನಾನು, "ಗೊತ್ತಿಲ್ಲ ಅಜ್ಜಿ," ಎಂದೆ.

ಅವರು ತಾವೇ ಒಂದು ಉತ್ತರ ಹುಡುಕಿಕೊಂಡರು. ಆ ಯುದ್ಧಕ್ಕೆ ಹೋದ ಚೀನೀ ಹುಡುಗರು ಎಷ್ಟೋ ಮಂದಿ ಕೊರಿಯಾದ ಬೆಟ್ಟಗಳಲ್ಲೇ ಮಣ್ಣಾದರು. ಎಲ್ಲಿ ಮಲಗಿದ್ದಾರೆ ಎಂದು ಮನೆಯವರಿಗೆ ಗೊತ್ತಿಲ್ಲ, ಎಡೆ ಇಡುವವರಿಲ್ಲ. ಯಾವನೋ ಒಬ್ಬ ಹಸಿದವನು ಅಲೆಯುತ್ತಾ ಬಂದಿದ್ದಾನೆ. ಚೀನೀ ಅಕ್ಷರ ಕಂಡಿದೆ, ಕೊರಿಯಾದ ಅನ್ನದ ವಾಸನೆ ಬಂದಿದೆ, ಗೇಟು ತೆರೆದಿದೆ. "ನಾನೇ ಗೇಟು ಹಿಡಿದು ನಿಂತಿದ್ದೆ. ನನ್ನ ಪಕ್ಕದಲ್ಲೇ ಒಳಗೆ ಹೋಗಿದ್ದಾನೆ. ಅಣ್ಣನ ಹೆಸರಲ್ಲಿ ಉಂಡಿದ್ದಾನೆ ಪಾಪ. ಒಮ್ಮೆ ಉಣಿಸಿದ ಮೇಲೆ ಕೈ ಬಿಡಬಾರದು," ಎಂದರು.

ಅಲ್ಲಿಂದ ಮುಂದೆ ಪ್ರತಿವರ್ಷ ಆ ದಿನ ಎರಡು ಬಟ್ಟಲು. ಒಂದು ಅಣ್ಣನಿಗೆ, ಒಂದು ಹೆಸರಿಲ್ಲದವನಿಗೆ. ಅವನಿಗಾಗಿ ಏನು ಬರೆಯುವುದೆಂದು ಗಿಡಮೂಲಿಕೆ ಅಂಗಡಿಯ ಯಜಮಾನನಿಗೂ ತೋಚಲಿಲ್ಲ. ಕೊನೆಗೆ ಖಾಲಿ ಕಾಗದ ಮಡಿಸಿ ಕೊಟ್ಟ. ಪ್ರತಿವರ್ಷ ಬಾಗಿಲ ಹೊರಗೆ ನಿಂತು ಕೆಮ್ಮಿದ್ದು ನಾನೇ. ನನ್ನಿಂದ ಹುಟ್ಟಿದ ಅತಿಥಿ ಅವನು, ಒಳಗೆ ಯಾರೂ ಇಲ್ಲ ಎಂದು ಎಷ್ಟು ಹೇಳಿಕೊಂಡರೂ ಪಾದಕ್ಕೆ ಆ ತಣ್ಣನೆ ಗಾಳಿ ತಾಗುತ್ತಿತ್ತು. ಒಂದು ವರ್ಷ ನಾನು ಕೆಮ್ಮಿದ್ದಕ್ಕೆ ಒಳಗಿಂದ ಯಾರೋ ಮೆಲ್ಲಗೆ ತಿರುಗಿ ಕೆಮ್ಮಿದ ಹಾಗೆ... ಅದು ನನ್ನ ದನಿಯೇ ಗೋಡೆಗೆ ತಾಗಿ ಬಂದದ್ದಿರಬಹುದು. ಅಜ್ಜಿ ಮಾತ್ರ ನನ್ನನ್ನು ನೋಡಿ ತಲೆಯಾಡಿಸಿದರು.

ಅಣ್ಣನ ಬಟ್ಟಲಿನಲ್ಲಿ ಎಂದೂ ಎರಡನೆಯ ಗುಳಿ ಕಾಣಲಿಲ್ಲ. "ಬರುವುದಿಲ್ಲ ಅವನು. ಬದುಕಿದ್ದಾಗ ನಾನು ಹೋಗಲಿಲ್ಲವಲ್ಲ," ಎನ್ನುತ್ತಾ ಅಜ್ಜಿ ಆ ಅನ್ನವನ್ನು ನೀರಿಗೆ ಬಿಡುತ್ತಿದ್ದರು. ವರ್ಷಕ್ಕೊಮ್ಮೆ ಆ ಮಾತನ್ನು ನಾನು ಕೇಳಿಸಿಕೊಳ್ಳಬೇಕಿತ್ತು.

ಆಮೇಲೆ ಮಗ ಬಂದು ಮನೆ ಮಾರಿ ಅವರನ್ನು ಮೆಲ್ಬರ್ನ್‌ಗೆ ಕರೆದುಕೊಂಡು ಹೋದ. ಕೆಲವು ವರ್ಷಗಳ ನಂತರ ಹೆಂಡತಿಯ ಕೆಲಸಕ್ಕಾಗಿ ನಾವೂ ಇಲ್ಲಿಗೇ ಬಂದೆವು. ಒಂದು ಫೋನ್ ಮಾಡಿದ್ದರೆ ಸಿಗುತ್ತಿದ್ದರು. ಮಾಡೋಣ ಮಾಡೋಣ ಎನ್ನುವಷ್ಟರಲ್ಲಿ ಅಜ್ಜಿ ತೀರಿಕೊಂಡ ಸುದ್ದಿ ಬಂತು. ಸಂಸ್ಕಾರಕ್ಕೆ ಹೆಂಡತಿ, ಮಗಳು ಹೋದರು. ನನಗೆ ಜ್ವರ ಎಂದೆ.

ಎಳ್ಳೆಣ್ಣೆಯ ವಾಸನೆ ಬಂದ ಆ ದಿನ ಊಟವಾದ ಮೇಲೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸಿ ಕೇಳಿದಳು. "ನನಗಾಗಿ ಮಾಡ್ದೆ ಅಂತ ಮಾತ್ರ ಹೇಳ್ಬೇಡಿ," ಎಂದಳು. ಕೈ ಒರೆಸಿಕೊಂಡು, "ಅವತ್ತು ದೀಪ ಹಚ್ಚಿದ್ದೆ ನಾನು," ಎಂದು ಒಳಗೆ ಹೋದಳು.

ಮುಂದಿನ ಶನಿವಾರ ಮಗಳು ನನ್ನನ್ನು ಸ್ಪ್ರಿಂಗ್‌ವೇಲ್ ಕಡೆಯ ಸ್ಮಶಾನಕ್ಕೆ ಕರೆದುಕೊಂಡು ಹೋದಳು. ಅವಳಿಗೆ ಅಜ್ಜಿಯ ಬೆನ್ನು ನೆನಪಿದೆಯಂತೆ, ಮುಖ ನೆನಪಿಲ್ಲವಂತೆ. ಅವಳು ಕಾರಿನಲ್ಲೇ ಕೂತಳು. ಮಗ ಕೆತ್ತಿಸಿದ ಕಲ್ಲಿನಲ್ಲಿ ಗಂಡನ ಹೆಸರಿನ ಪಕ್ಕದಲ್ಲಿ ಅಜ್ಜಿಯ ಹೆಸರು, ಚೀನೀ ಅಕ್ಷರದಲ್ಲಿ. ಕಲ್ಲು ಬಿಸಿಲಿಗೆ ಕಾದಿತ್ತು. ಸುತ್ತ ಯಾರೂ ಇರಲಿಲ್ಲ, ಆದರೆ ಯಾರೂ ಇಲ್ಲದ ಜಾಗದ ಹಾಗಿರಲಿಲ್ಲ. ಬಾಗಿಲು ತೆಗೆದದ್ದು, ಚಮಚ ಎತ್ತಿದ್ದು, ಯಾಕೆ ಸುಮ್ಮನಿದ್ದೆ ಎಂಬುದು, ಒಂದನ್ನೂ ಬಿಡದೆ ಗಟ್ಟಿಯಾಗಿ ಹೇಳಿದೆ. ಕೈ ಮುಗಿದೆ.

ಮರಳಿ ಕಾರಿನ ಹತ್ತಿರ ಬಂದಾಗ ಮಗಳು ಕಿಟಕಿ ಇಳಿಸಿ, "ಅಷ್ಟು ಹೊತ್ತು ಏನ್ ಹೇಳಿದ್ರಿ ಅಪ್ಪ?" ಎಂದಳು. ಆಗ ನನಗೆ ಹೊಳೆಯಿತು. ಎಲ್ಲವನ್ನೂ ನಾನು ಕನ್ನಡದಲ್ಲಿ ಹೇಳಿದ್ದೆ. ಅಜ್ಜಿಗೆ ಕನ್ನಡ ಬರುತ್ತಿರಲಿಲ್ಲ. ಕುಂಟುತ್ತಾದರೂ ಅವರಿಗೆ ತಿಳಿಯುವ ಹಾಗೆ ಹೇಳಲು ನನ್ನಲ್ಲಿ ಒಂದು ಭಾಷೆ ಇತ್ತು. ಅಲ್ಲಿಂದ ಕಲ್ಲಿನವರೆಗೆ ಹೆಚ್ಚು ದೂರವೇನಿಲ್ಲ, ತಿರುಗಿ ಹೋಗಬಹುದಿತ್ತು.

"ನಡಿ, ಹೋಗೋಣ," ಎಂದು ಕಾರು ಹತ್ತಿದೆ.